ಕಮಾನಿನ ಈಚೆಗೋ ಆಚೆಗೋ

ಒಗೆದ ದುಪ್ಪಟಿ ಹಿಂಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಂದು ತುದಿ ನಾನು ಹಿಡಿಯಬೇಕು, ಇನ್ನೊಂದು ತುದಿ ಇವರು ಹಿಡಿಯಬೇಕು. ಒಬ್ಬರು ತಿರುಚಿದ ಕಡೆಗೆ ಇನ್ನೊಬ್ಬರು ಎದುರಾಗಿ ತಿರುಚಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ಇವರಿಗೆ ಈ ಗುಟ್ಟು ಹತ್ತಿಲ್ಲ. ನಾನು ತಿರುಚಿದ ದಿಕ್ಕಿಗೇ ತಾವೂ ತಿರುಚುತ್ತಾರೆ. ದುಪ್ಪಟಿ ಸುಮ್ಮನೆ ಹೊರಳಾಡುತ್ತದೆ, ನೀರು ಅದರಲ್ಲೇ ಇರುತ್ತದೆ.

ಆ ದಿನ ಬೆಳಿಗ್ಗೆ ಅಪರೂಪಕ್ಕೆ ಸರಿಯಾಗಿ ತಿರುಚುತ್ತಿದ್ದರು. ದುಪ್ಪಟಿ ಹಗ್ಗದ ಹಾಗೆ ಬಿಗಿದು, ನೀರು ಧಾರೆಯಾಗಿ ಇಳಿಯುತ್ತಿತ್ತು. ನನಗೂ ಒಂದು ಗಳಿಗೆ ಸಂಸಾರದಲ್ಲಿ ನಂಬಿಕೆ ಬಂತು. ಆಗ ಇವರು, "ಇವಳೇ, ಈ ವರ್ಷವೂ ನಾನು ಮ್ಯಾರಥಾನ್ ಓಡ್ತೀನಿ," ಎಂದು ಹೇಳಿ ಎರಡೂ ಕೈ ಬಿಟ್ಟರು. ಇಂಥ ಮಾತನ್ನು ಎದೆಯ ಮೇಲೆ ಕೈ ಕಟ್ಟಿಕೊಂಡೇ ಹೇಳಬೇಕೆಂದು ಇವರ ಅಭಿಪ್ರಾಯ.

ಬಿಗಿದ ದುಪ್ಪಟಿ ಸರ್ರನೆ ಬಿಚ್ಚಿಕೊಂಡು, ಅತ್ತೆಯ ಕನ್ನಡಕ ತೋಯಿಸಿ, ಪಕ್ಕದಲ್ಲಿ ಬಕೆಟ್ಟಿನೊಡನೆ ಆಡುತ್ತಿದ್ದ ಮಗಳ ಮೇಲೆ ದೊಪ್ಪನೆ ಬಿತ್ತು.

"ಇರಲಾರದೆ ಇರುವೆ ಬಿಟ್ಕೊಂಡನಂತೆ," ಎಂದರು ಅತ್ತೆ, ಕನ್ನಡಕ ಒರೆಸಿಕೊಳ್ಳುತ್ತ. "ಹೋದ್ಸಲದ್ದು ಸಾಲದಾ ನಿಂಗೆ?"

ದುಪ್ಪಟಿಯ ಅಡಿಯಿಂದ ಸದ್ದೇ ಇಲ್ಲ. ನಮ್ಮ ಮಗಳನ್ನು ನಾವು ಗಿಣಿ ಎಂದು ಕರೆಯುವುದು ಸುಮ್ಮನೆ ಅಲ್ಲ. ನಿದ್ದೆಯಲ್ಲಿ ಮಾತ್ರ ಅವಳ ಬಾಯಿಗೆ ಬಿಡುವು. ಅಂಥವಳು ಸುಮ್ಮನಿದ್ದಾಳೆಂದರೆ ಉಸಿರು ಕಟ್ಟಿತೋ ಏನೋ ಎಂದು ಹೆದರಿ ಅಂಚು ಎತ್ತಿ ನೋಡಿದೆ. ಒದ್ದೆ ಬಟ್ಟೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಕಣ್ಣು ಮಿನುಗುತ್ತಿವೆ. ಹೊರಗೆ ಬರುವ ಯೋಚನೆಯೇ ಇದ್ದಂತಿಲ್ಲ.

"ಅಪ್ಪಾ," ಎಂದಳು ಅಲ್ಲಿಂದಲೇ. "ಅವತ್ತು ಆ ಕಮಾ..."

ಅತ್ತೆ ಸೆರಗಿನ ಮರೆಯ ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ಅವಳ ಬಾಯಿಗೆ ತುರುಕಿದರು. ಪ್ರಶ್ನೆ ಬಿಸ್ಕತ್ತಿನ ಜೊತೆ ಒಳಗೆ ಹೋಯಿತು. ಇವರ ಮುಖ ನಾವು ಹಿಂಡದೆ ಬಿಟ್ಟ ಬಟ್ಟೆಯಂತಾಯಿತು.

ನಮ್ಮ ಮನೆಯಲ್ಲಿ 'ಕಮಾನು' ಎಂಬ ಶಬ್ದವನ್ನು ಯಾರೂ ಆಡುವಂತಿಲ್ಲ. ಏಕೆಂದು ಹೇಳಿಬಿಡುತ್ತೇನೆ, ಹಾಲು ಕಾಯುವಷ್ಟು ಹೊತ್ತಿದೆ.

ಇವರದು ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ವಿಭಾಗದಲ್ಲಿ ಕೆಲಸ. ಜನ ಬಸ್ಸಿನಲ್ಲಿ ಬಿಟ್ಟುಹೋದದ್ದನ್ನು ಎತ್ತಿಟ್ಟು, ಯಜಮಾನರು ಬರುವವರೆಗೆ ಕಾಯುವುದು. ಛತ್ರಿಗಳು ರಾಶಿ ರಾಶಿ. ಒಂಟಿ ಚಪ್ಪಲಿ, ಕಟ್ಟಿಸಿದ ಹಲ್ಲು, ಒಮ್ಮೆ ಯಾರೋ ಒಂದು ಬಾಗಿಲನ್ನೇ ಬಿಟ್ಟು ಹೋಗಿದ್ದರಂತೆ. ಇಡೀ ದಿನ ಕೂತು ಕೂತು ಬೆನ್ನು ಹಿಡಿದುಕೊಂಡಿತು. ಯಾರೋ ಓಡಿ ಎಂದರು, ಇವರು ಓಡಿದರು. ಸಣ್ಣದಾಗಿ ಶುರು ಮಾಡಬಹುದಿತ್ತು. ಇವರು ನಲವತ್ತೆರಡು ಕಿಲೋಮೀಟರಿಗೇ ಹೆಸರು ಕೊಟ್ಟು ಬಂದರು.

ಓಡುವ ದಿನ ಇವರು ಹಿಂದೆ ಬಿದ್ದದ್ದು ಕಾಲಿನ ತಪ್ಪಲ್ಲ, ಕಣ್ಣಿನ ತಪ್ಪು. ಇವರಿಗೆ ಬಿದ್ದ ವಸ್ತು ಕಂಡರೆ ದಾಟಿ ಹೋಗಲಿಕ್ಕಾಗದು. ಮುಂದೆ ಓಡುವವರು ಬೀಳಿಸುತ್ತಾರೆ, ಹಿಂದೆ ಓಡುವವರು ಎತ್ತಬೇಕು ಎಂಬುದು ಇವರ ಲೆಕ್ಕ. ಇವರ ಹಿಂದೆ ಯಾರೂ ಇರಲಿಲ್ಲ. ಹಾಗಾಗಿ ಸಾವಿರಾರು ಜನರ ಟೋಪಿ, ಬೀಗದ ಕೈ, ಕರವಸ್ತ್ರ ಎಲ್ಲಕ್ಕೂ ಇವರೊಬ್ಬರೇ ದಿಕ್ಕು. ಬಗ್ಗುವುದು, ಎತ್ತುವುದು, "ಯಾರದ್ರೀ ಇದು?" ಎಂದು ಖಾಲಿ ರಸ್ತೆಯನ್ನು ಕೇಳುವುದು, ಮತ್ತೆ ಓಡುವುದು.

ಇವರು ಕೊನೆಯ ಗೆರೆ ಮುಟ್ಟುವ ಹೊತ್ತಿಗೆ ಗೆದ್ದವರು ಮನೆಗೆ ಹೋಗಿ ಸ್ನಾನ ಮಾಡಿ ನಿದ್ದೆಯೂ ಮುಗಿಸಿದ್ದರು. ಗೆರೆಯ ಮೇಲೆ ಗಾಳಿ ತುಂಬಿದ ದೊಡ್ಡ ಕೆಂಪು ಕಮಾನು ನಿಂತಿತ್ತು. ಯಂತ್ರವೊಂದು ಊದುತ್ತಲೇ ಇದ್ದರೆ ಮಾತ್ರ ಅದು ನಿಲ್ಲುತ್ತದೆ. ಸರಿಯಾಗಿ ಇವರು ಅದರ ಕೆಳಗೆ ಕಾಲಿಡುವಾಗ ಕಮಾನಿನವನು ಯಂತ್ರ ನಿಲ್ಲಿಸಿದ. ಕಮಾನು ನಿಟ್ಟುಸಿರು ಬಿಟ್ಟು, ದಣಿದ ಆನೆಯಂತೆ, ಬಲು ನಿಧಾನವಾಗಿ ಇವರ ಮೇಲೆ ಮಲಗಿತು.

ಒಳಗೆ ಇವರು ಬಹಳ ಹೊತ್ತು ತಡಕಾಡಿದರು. ಹೊರಗಿನಿಂದ ನೋಡಿದರೆ ಕೆಂಪು ಬಟ್ಟೆಯಡಿ ಒಂದು ಉಬ್ಬು ಈ ಕಡೆಗೆ ಹೋಗುತ್ತಿತ್ತು, ಆ ಕಡೆಗೆ ಹೋಗುತ್ತಿತ್ತು. ರಸ್ತೆ ಗುಡಿಸುವವರಿಬ್ಬರು ಓಡಿ ಬಂದರು. ಒಬ್ಬ ಗೆರೆಯ ಈಚೆಯಿಂದ ಕಾಲು ಹಿಡಿದು ಎಳೆದ, ಇನ್ನೊಬ್ಬ ಆಚೆಯಿಂದ ಕೈ ಹಿಡಿದು ಎಳೆದ. ಯಾರ ಮನಸ್ಸೂ ನೋಯಬಾರದೆಂದು ಇವರು ಪಕ್ಕದಿಂದ ಹೊರಬಂದರು. ಕೈಯಲ್ಲಿ ಯಾರದೋ ಬೀಗದ ಕೈ ಗೊಂಚಲು.

ಮುಗಿಸಿದರೋ ಇಲ್ಲವೋ? ಗೆರೆಯ ಬಳಿಯಿದ್ದ ನಿರ್ಣಾಯಕರು ತಲೆ ಕೆರೆದುಕೊಂಡರು. "ಈ ಕಡೆಯಿಂದ ಬಂದಿದ್ರೆ ಇಲ್ಲ. ಆ ಕಡೆಯಿಂದ ಬಂದಿದ್ರೆ ಹೌದು. ಪಕ್ಕದಿಂದ ಬಂದ್ರೆ ಏನು ಅಂತ ನಮಗೆ ಯಾರೂ ಹೇಳ್ಕೊಟ್ಟಿಲ್ಲ." ಅತ್ತ ದರಿ ಇತ್ತ ಪುಲಿ ಎಂದು ಕೇಳಿದ್ದೇನೆ. ನಮ್ಮವರು ಎರಡನ್ನೂ ಬಿಟ್ಟು ಪಕ್ಕಕ್ಕೆ ಹೋದವರು.

ಮಾರನೆಯ ದಿನ ಪತ್ರಿಕೆಯಲ್ಲಿ ಕೆಂಪು ಉಬ್ಬಿನ ಚಿತ್ರ ಬಂತು. ಒಳಗಿರುವುದು ಇವರೇ ಎಂಬುದಕ್ಕೆ ಒಂದು ಬೂಟು ಮಾತ್ರ ಸಾಕ್ಷಿ. ಅದು ಸಾಕಾಯಿತು. ಬೀದಿಯ ತುಂಬ ಇವರ ಹೆಸರು ಕಮಾನಪ್ಪ ಎಂದಾಯಿತು.

ಇದನ್ನೆಲ್ಲ ಇವರು ಸಹಿಸಿಕೊಂಡರು. ಇವರ ಕೈಯಲ್ಲಿ ಸಹಿಸಲು ಆಗದ್ದು ಗಿಣಿಯ ಅರ್ಧ ಪ್ರಶ್ನೆ. ಅಂದಿನಿಂದ ಅವಳು ದಿನಕ್ಕೊಮ್ಮೆಯಾದರೂ "ಅಪ್ಪಾ, ಅವತ್ತು..." ಎಂದು ಬಾಯಿ ತೆರೆಯುತ್ತಾಳೆ. ಅತ್ತೆಯ ಬಿಸ್ಕತ್ತು ಹಾರಿ ಬರುತ್ತದೆ. ಅವಳು ಬಾಯಿ ಮುಚ್ಚುತ್ತಾಳೆ. ಅರ್ಧ ಪ್ರಶ್ನೆಗೆ ಒಂದು ಬಿಸ್ಕತ್ತು ಎಂಬ ದರ ಮನೆಯಲ್ಲಿ ನಿಂತುಬಿಟ್ಟಿತ್ತು.

ದುಪ್ಪಟಿ ಎರಡನೆಯ ಸಲ ಹಿಂಡುವಾಗ ಇವರು ಮೆಲ್ಲಗೆ ಹೇಳಿದರು: "ಅವಳು ಏನು ಕೇಳ್ಬೇಕು ಅಂತಿದ್ದಾಳೆ ನಂಗೊತ್ತು. 'ಅಪ್ಪಾ, ನೀನು ಮುಗಿಸಿದ್ಯಾ ಇಲ್ವಾ' ಅಂತ. ಅಪ್ಪಂಗೆ ನೋವಾಗುತ್ತೆ ಅಂತ ನುಂಗ್ಕೋತಾಳೆ ಪಾಪ. ನಾಳೆ ಕೇಳೇಬಿಟ್ರೆ ನಾನೇನು ಹೇಳ್ಲಿ? ಪಕ್ಕದಿಂದ ಬಂದೆ ಮಗಳೇ ಅಂತ ಹೇಳ್ಲಾ? ಅದಕ್ಕೇ ಓಡ್ಬೇಕು ಕಣೇ. ಒಂದು ಸಲ ನೆಟ್ಟಗೆ ದಾಟಿಬಿಟ್ರೆ, ಅವಳು ಯಾವಾಗ ಬೇಕಾದ್ರೂ ಕೇಳ್ಲಿ."

ನಾನು ನನ್ನ ತುದಿಯನ್ನು ಎದುರಾಗಿ ತಿರುಚಿ ಬಟ್ಟೆ ಹಿಂಡಿದೆ.

ರಾತ್ರಿ ಗಿಣಿಯ ತಲೆ ಬಾಚುವಾಗ ನಾನೇ ಕೇಳಿ ನೋಡಿದೆ. "ಏನೇ ಅದು, ನನ್ನ ಹತ್ರ ಹೇಳೇ."

"ನಿಂಗೊತ್ತಿರಲ್ಲ ಅಮ್ಮಾ. ಅಪ್ಪಂಗೊಬ್ರಿಗೇ ಗೊತ್ತಿರೋದು."

"ಮತ್ತೆ ಅಪ್ಪನ್ನೇ ಕೇಳು."

"ಅಪ್ಪಂಗೆ ಬೇಜಾರಾಗುತ್ತಲ್ಲ," ಎಂದಳು. ಸ್ವಲ್ಪ ಯೋಚಿಸಿ, "ಬಿಸ್ಕತ್ತೂ ನಿಂತ್ಹೋಗುತ್ತೆ," ಎಂದಳು.

ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೇ? ಇವರ ಊಹೆಯೇ ಸರಿಯೆಂದು ನಾನೂ ನಂಬಿದೆ.

ಸುದ್ದಿ ಮಹಡಿಗೆ ಹತ್ತಿತು. ಮೇಲಿನ ಮನೆಯ ಹಲ್ಲಿನ ಡಾಕ್ಟರು ತಾವಾಗಿ ಇಳಿದು ಬಂದು ಗುರುಗಳಾದರು. ಅವರು ಲೋಕವನ್ನೆಲ್ಲ ಬಾಯಿಯ ಮೂಲಕವೇ ನೋಡುವವರು.

"ಹೋದ ವರ್ಷ ನೀವು ಸೋತಿದ್ದು ಯಾಕೆ ಗೊತ್ತಾ? ಓಡೋವಾಗ ಹಲ್ಲು ಕಚ್ತೀರಿ. ಶಕ್ತಿಯೆಲ್ಲ ದವಡೇಲೇ ಖರ್ಚು. ಮಗಳು ಕೇಳೋ ಪ್ರಶ್ನೆಗೆ ಉತ್ತರ ನಿಮ್ಮ ದವಡೇಲಿದೆ ಸ್ವಾಮಿ!"

"ಡಾಕ್ಟ್ರೇ, ನೋವು ಕಾಲಿಗೆ," ಎಂದರು ಇವರು.

"ಎಲ್ಲಾರೂ ಹಾಗೇ ಹೇಳ್ತಾರೆ. ಬಾಯಿ ತೆರೀರಿ."

ಅಂದಿನಿಂದ ಇವರು ಎರಡೂ ದವಡೆಯ ನಡುವೆ ಹತ್ತಿಯ ಉಂಡೆ ಇಟ್ಟುಕೊಂಡು ಓಡತೊಡಗಿದರು. ಕೆನ್ನೆ ಎರಡೂ ಊದಿ, ಮಾತಾಡಲಿಕ್ಕಾಗದೆ, ಬೆಳಗಿನ ಬೀದಿಯಲ್ಲಿ ಹೋಗುತ್ತಿದ್ದರೆ ಬಾಗಿಲಿಗೆ ಬಂದವರೆಲ್ಲ, "ಅಯ್ಯೋ, ಹಲ್ಲು ನೋವಾ ಕಮಾನಪ್ಪನೋರೇ? ಡಾಕ್ಟ್ರು ಮೇಲ್ಗಡೇನೇ ಇದ್ದಾರಲ್ಲ, ಯಾಕೆ ಓಡ್ತೀರಿ?" ಎಂದು ಕೇಳುವರು. ಇವರು ಹೌದೆಂದು ತಲೆಯಾಡಿಸಿ ಮುಂದೆ ಹೋಗುವರು. ಅಲ್ಲವೆನ್ನಲು ಬೇಕಾದ ಉಸಿರು ಉಳಿದಿರುತ್ತಿರಲಿಲ್ಲ.

ಓಡಿ ಬಂದವರ ಕೈ ಎಂದೂ ಖಾಲಿ ಇರುತ್ತಿರಲಿಲ್ಲ. ಒಂದು ದಿನ ಕೈಗವಸು, ಒಂದು ದಿನ ಸೈಕಲ್ಲಿನ ಗಂಟೆ, ಒಂದು ದಿನ ಯಾರದೋ ನಾಯಿ. ನಾಯಿಯ ಯಜಮಾನರು ಹಿಂದೆಯೇ ಕೂಗುತ್ತ ಬಂದದ್ದರಿಂದ ಆ ದಿನ ಇವರ ವೇಗ ಬಹಳ ಚೆನ್ನಾಗಿತ್ತೆಂದು ಡಾಕ್ಟರು ಹೊಗಳಿದರು.

ಆಮೇಲೆ ಒಂದು ಭಾನುವಾರ ಇವರ ಸಾಹೇಬರು ಮನೆಗೇ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಸಾವಿನ ಮನೆಯ ದನಿಯಲ್ಲಿ ನನ್ನೊಡನೆ ಮಾತಾಡಿದರು.

"ನೋಡಿಯಮ್ಮಾ, ಕಳೆದುಹೋದ ಸಾಮಾನಿನ ವಿಭಾಗದವನೇ ಕಳೆದುಹೋದ ಅಂತ ಡಿಪೋದಲ್ಲಿ ನಗ್ತಾರೆ. ಡ್ರೈವರುಗಳು ನಗ್ತಾರೆ, ಕಂಡಕ್ಟರುಗಳು ನಗ್ತಾರೆ. ಅದನ್ನ ತಡ್ಕೋಬಹುದು. ಆದ್ರೆ ಮಗು ಕೇಳ್ದೇ ನುಂಗ್ಕೋತಿದೆ ಅಂತ ಗೊತ್ತಾದಾಗಿಂದ ನಂಗೆ ನಿದ್ದೆ ಇಲ್ಲ. ಈ ಸಲ ನಮ್ಮ ವಿಭಾಗ ಪೂರ್ತಿ ಬಂದು ಗೆರೆ ಹತ್ರ ನಿಲ್ಲುತ್ತೆ."

"ಬಿಸಿಲಿರುತ್ತೆ ಸಾರ್," ಎಂದರು ಇವರು ಹತ್ತಿಯ ನಡುವಿನಿಂದ.

"ಬಿಸಿಲೇನಯ್ಯಾ? ನಮ್ಮಲ್ಲಿ ಛತ್ರಿಗೆ ಬರವಾ?"

ಓಟದ ಹಿಂದಿನ ದಿನ ಅತ್ತೆ ಮಗನನ್ನು ಎದುರಿಗೆ ಕೂರಿಸಿಕೊಂಡು ಮಾತು ತೆಗೆದುಕೊಂಡರು. "ದಾರೀಲಿ ಚಿನ್ನದ ಗಟ್ಟಿ ಬಿದ್ದಿದ್ರೂ ಬಗ್ಗಕೂಡ್ದು."

"ಬಗ್ಗಲ್ಲಮ್ಮ."

"ಯಾರದು ಅಂತ ಕೇಳಕೂಡ್ದು."

ಇವರು ಸ್ವಲ್ಪ ತಡವರಿಸಿ, "ಕೇಳಲ್ಲ," ಎಂದರು.

ನನಗೆ ನಂಬಿಕೆ ಸಾಲದೆ, ಇವರ ಚಡ್ಡಿಯ ಜೇಬುಗಳನ್ನು ಎರಡೆರಡು ಸಲ ಹೊಲಿದುಬಿಟ್ಟೆ. ಹೊಲಿಯುವಾಗ ಇವರ ಪಾದಗಳನ್ನು ನೋಡಿದೆ. ಬೆರಳಿಗೊಂದು ಬೊಬ್ಬೆ, ಹಿಮ್ಮಡಿಗೆ ಪಟ್ಟಿ. ಅಷ್ಟು ದಣಿದ ಪಾದಗಳು ಮಾರನೆಯ ದಿನ ಮತ್ತೆ ಓಡಬೇಕಿತ್ತು, ಮಗಳು ಕೇಳದ ಒಂದು ಪ್ರಶ್ನೆಗಾಗಿ. ದೀಪ ಆರಿಸಿದೆ.

ಓಟದ ದಿನ ಕೆಂಪು ಕಮಾನು ಅಲ್ಲೇ ನಿಂತಿತ್ತು. ಅದೇ ಕಮಾನಿನವನು, ಅದೇ ಯಂತ್ರ, ಅದೇ ನಿರ್ಣಾಯಕರು. ಗೆರೆಯ ಬಳಿ ಮೊದಲು ವೇಗದವರು ಬಂದರು, ಆಮೇಲೆ ಸುಮಾರಿನವರು ಬಂದರು, ಆಮೇಲೆ ಅಜ್ಜಂದಿರು ಬಂದರು, ಒಂಟೆಯ ವೇಷ ಹಾಕಿಕೊಂಡ ಒಬ್ಬ ಬಂದ. ಒಂಟೆಯೂ ಬಂದುಹೋದ ಮೇಲೆ ರಸ್ತೆ ಖಾಲಿಯಾಯಿತು. ನೀರಿನ ಬಾಟಲಿಗಳು ಗಾಳಿಗೆ ಉರುಳುತ್ತಿದ್ದವು. ಸಾಹೇಬರ ವಿಭಾಗ ಛತ್ರಿಗಳ ಕೆಳಗೆ ತೂಕಡಿಸುತ್ತಿತ್ತು. ಡಾಕ್ಟರು ಕೈಯಲ್ಲಿ ಹೊಸ ಹತ್ತಿ ಹಿಡಿದು ನಿಂತಿದ್ದರು. ಗಿಣಿ ಮಾತ್ರ ರಸ್ತೆ ನೋಡುತ್ತಿರಲಿಲ್ಲ. ಕಮಾನನ್ನೇ ನೋಡುತ್ತಿದ್ದಳು. ಪಾಪ, ಹಳೆಯದು ನೆನಪಾಗಿರಬೇಕು ಎಂದು ನಾನು ಅವಳ ಬೆನ್ನು ಸವರಿದೆ.

ಕಮಾನಿನವನು ಆಕಳಿಸಿ ಯಂತ್ರದ ಕಡೆಗೆ ನಡೆದ.

"ಏಯ್, ಎಲ್ಲಿಗೆ?" ಎಂದು ಎದ್ದರು ಅತ್ತೆ. "ನನ್ನ ಮಗ ಇನ್ನೂ ಬಂದಿಲ್ಲ."

"ಅಜ್ಜೀ, ಸಂಜೆ ಒಂದು ಅಂಗಡಿ ಓಪನಿಂಗ್‌ಗೆ ಯಂತ್ರ ಹೋಗ್ಬೇಕು. ಲಾರಿ ಕಾಯ್ತಿದೆ."

"ಓಪನಿಂಗ್ ಅಂತೆ! ಇಲ್ಲಿ ಮುಗಿಸೋದೇ ಆಗಿಲ್ಲ!"

ಅತ್ತೆ ನಿರ್ಣಾಯಕರ ಕಡೆ ತಿರುಗಿದರು. ಬೆಳಗಿನಿಂದ ನಿಂತು ಅವರೂ ಬಾಡಿಹೋಗಿದ್ದರು. ಸೀಟಿಯನ್ನು ಬಾಯಿಂದ ತೆಗೆಯಲೂ ಸೋಮಾರಿತನವಾಗಿ ಅದರ ಮೂಲಕವೇ ಹೇಳಿದರು: "ಕಮಾನು ನಿಂತಿರೋವರೆಗೂ ಓಟ ನಡೀತಿದೆ ಅಂತ ಲೆಕ್ಕ ತಾಯಿ. ಬಿದ್ರೆ ಮುಗೀತು. ಅಷ್ಟೇ ನಂಗೊತ್ತಿರೋದು."

ಕಮಾನಿನವನು ಗುಂಡಿ ಒತ್ತಿದ. ಯಂತ್ರ ನಿಂತಿತು, ಲಾರಿಗೆ ಹತ್ತಿತು, ಹೋಯಿತು. ಕಮಾನು ಅದೇ ಹಳೆಯ ನಿಟ್ಟುಸಿರು ಬಿಟ್ಟಿತು.

ಆಗ ನಮ್ಮ ಅತ್ತೆ, ಮಂಡಿ ನೋವೆಂದು ಮೆಟ್ಟಿಲು ಹತ್ತದವರು, ಪಕ್ಕದವನ ಕೈಯಿಂದ ಒಂದು ಛತ್ರಿ ಕಿತ್ತುಕೊಂಡು, ಕಮಾನಿನ ಕೆಳಗೆ ಹೋಗಿ, ಅದನ್ನು ಮೇಲಕ್ಕೆ ಒತ್ತಿ ಹಿಡಿದರು.

"ಏನು ನೋಡ್ತಾ ನಿಂತಿದ್ದೀರಿ? ಬನ್ರೋ!"

ಸಾಹೇಬರು ಎದ್ದರು. "ವಿಭಾಗ! ಛತ್ರಿ!" ಎಂದರು. ಎಲ್ಲರೂ ನುಗ್ಗಿದರು. ಉದ್ದದ ಛತ್ರಿ ನಡುವೆ, ಗಿಡ್ಡ ಛತ್ರಿ ಅಂಚಿಗೆ, ಡಾಕ್ಟರು ಎರಡು ಕೈಯಲ್ಲಿ ಎರಡು. ಕೆಂಪು ಕಮಾನು ಹಳೆಯ ಹಾಸಿಗೆಯ ಹಾಗೆ ಅಲ್ಲಲ್ಲಿ ಜೋತುಬಿದ್ದರೂ ಒಟ್ಟಿನಲ್ಲಿ ನಿಂತಿತು. ನಿರ್ಣಾಯಕರು ಸೀಟಿ ಬಾಯಲ್ಲಿಟ್ಟುಕೊಂಡೇ ಕಣ್ಣರಳಿಸಿದರು.

"ಡಾಕ್ಟ್ರೇ, ಹಲ್ಲು ಕಚ್ಬೇಡಿ!" ಎಂದು ಸಾಹೇಬರು ಕೂಗಿದರು.

"ಈಗ ಕಚ್ಲೇಬೇಕು ಸ್ವಾಮಿ!"

ರಸ್ತೆಯ ತಿರುವಿನಲ್ಲಿ ಇವರು ಕಾಣಿಸಿಕೊಂಡರು.

ಅದನ್ನು ಓಟ ಎನ್ನಲಿಕ್ಕಾಗದು. ನಡಿಗೆ ಎಂದರೆ ಇವರಿಗೆ ಬೇಸರವಾದೀತು. ಕಾಲುಗಳು ತಮ್ಮ ಪಾಡಿಗೆ ಬರುತ್ತಿದ್ದವು, ಇವರು ಅವುಗಳ ಹಿಂದೆ ಬರುತ್ತಿದ್ದರು. ಜೇಬು ಹೊಲಿದದ್ದು ವ್ಯರ್ಥವಾಗಿತ್ತು. ಕತ್ತಿನಲ್ಲಿ ಯಾರದೋ ಶಾಲು, ತಲೆಯ ಮೇಲೆ ಒಂದರ ಮೇಲೊಂದು ಟೋಪಿ, ಕಿರುಬೆರಳಿಗೆ ಸಿಕ್ಕಿಸಿಕೊಂಡ ಒಂದು ಎಳೆಮಗುವಿನ ಬೂಟು.

"ಬಂದ! ಬಂದ! ಬಾರೋ ಬೇಗ!" ಎಂದು ಅತ್ತೆ ಕಿರುಚಿದರು. ಇಡೀ ವಿಭಾಗ ಕಿರುಚಿತು. ನಾನೂ ಕಿರುಚಿದೆ ಎಂದು ಆಮೇಲೆ ಗಂಟಲು ಹೇಳಿತು.

ಇವರು ಬಂದರು. ಗೆರೆ ಇನ್ನು ಒಂದೇ ಹೆಜ್ಜೆ. ಇಷ್ಟು ದಿನ ಹತ್ತಿ ಕಚ್ಚಿ, ಬೊಬ್ಬೆ ಎಬ್ಬಿಸಿಕೊಂಡು ಓಡಿದ್ದೆಲ್ಲ ಆ ಒಂದು ಹೆಜ್ಜೆಗೆ. ಅಲ್ಲಿ ಇವರು ತಲೆಯೆತ್ತಿ ನೋಡಿದರು. ಎರಡೂ ಕೈಯಲ್ಲಿ ಛತ್ರಿ ಒತ್ತಿ ಹಿಡಿದು ನಿಂತ ತಮ್ಮ ತಾಯಿ ಕಂಡರು.

ಇವರು ನಿಂತರು.

"ಅಯ್ಯೋ ಅಮ್ಮಾ, ನಿಂಗ್ಯಾಕೆ ಈ ವಯಸ್ಸಲ್ಲಿ? ಬಿಡು, ನಾನು ಹಿಡ್ಕೋತೀನಿ," ಎಂದು ಛತ್ರಿ ತೆಗೆದುಕೊಂಡು, ಗೆರೆಯ ಈಚೆಯೇ ಕಾಲೂರಿ, ಕಮಾನು ಹೊತ್ತು ನಿಂತರು.



"ದಾಟೋ!" ಎಂದರು ಅತ್ತೆ.

"ಹೆಂಗಮ್ಮಾ ದಾಟ್ಲಿ? ಬಿಟ್ರೆ ಬೀಳುತ್ತಲ್ಲ."

"ನೀನು ದಾಟ್ಲಿ ಅಂತಾನೇ ಕಣೋ ಹಿಡ್ಕೊಂಡಿರೋದು!"

"ಹಂಗಂತ ನಿಮ್ಮೆಲ್ಲರ ತಲೆ ಮೇಲೆ ಬೀಳಿಸಿ ಹೋಗ್ಲಾ?"

"ಇದು ಆರ್ಡರು!" ಎಂದು ಸಾಹೇಬರು ಛತ್ರಿಯ ಹಿಂದಿನಿಂದ ಗುಡುಗಿದರು. "ಒಂದ್ಹೆಜ್ಜೆ ಮುಂದಕ್ಕಿಡಯ್ಯಾ!"

"ಇಡ್ತೀನಿ ಸಾರ್. ಮೊದ್ಲು ನೀವು ಹೊರಗೆ ಹೋಗಿ."

"ನಾನು ಹೋದ್ರೆ ಇದು ಬೀಳುತ್ತಲ್ಲಯ್ಯಾ!"

"ಅದನ್ನೇ ನಾನೂ ಹೇಳ್ತಿರೋದು ಸಾರ್!" ಎಂದವರು ಸಾಹೇಬರ ಕೈ ಕಡೆ ನೋಡಿ, ಗಾಬರಿಯಾಗಿ, "ಸಾರ್, ಆ ಮರದ ಹಿಡಿ ಛತ್ರೀನ ಯಾಕೆ ತಂದ್ರಿ? ಅದರ ಯಜಮಾನರು ಸೋಮವಾರ ಬರ್ತಾರೆ!" ಎಂದರು.

ಸಾಹೇಬರು ಕೈಯಲ್ಲಿದ್ದ ಛತ್ರಿಯನ್ನು ನೋಡಿಕೊಳ್ಳಲು ಸ್ವಲ್ಪ ಕೆಳಗಿಳಿಸಿದರು.

ಅಷ್ಟೇ ಸಾಕಾಯಿತು. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ಇಷ್ಟು ಜನ ಒಟ್ಟಿಗೆ ಹಾಗೆ ಮಾಡಿದ್ದನ್ನು ಆವತ್ತೇ ನೋಡಿದ್ದು. ಕಮಾನು ನಡುವಿನಿಂದ ಕುಸಿಯಿತು. ಮೊದಲು ಸಾಹೇಬರು ಹೋದರು, ಆಮೇಲೆ ಡಾಕ್ಟರು, ಆಮೇಲೆ ವಿಭಾಗ. ಅತ್ತೆ ಹೊರಗೆ ಓಡುವ ಬದಲು "ಮಗನೇ!" ಎಂದು ಒಳಗೆ ಓಡಿದರು. ಕೊನೆಗೆ ಇವರು, ಕೈಯೆತ್ತಿ ಹಿಡಿದೇ, ನಿಧಾನವಾಗಿ ಕೆಂಪಿನೊಳಗೆ ಮುಳುಗಿದರು.

ಬಟ್ಟೆಯಡಿ ಈಗ ಉಬ್ಬು ಒಂದಲ್ಲ, ಹತ್ತಾರು. ಒಂದು ಉಬ್ಬು "ಯಾರದು ಕಾಲು?" ಎನ್ನುತ್ತಿತ್ತು, ಇನ್ನೊಂದು "ಬಾಯಿ ತೆರೀಬೇಡಿ, ಧೂಳು," ಎನ್ನುತ್ತಿತ್ತು. ನಿರ್ಣಾಯಕರು ಸೀಟಿಯನ್ನು ಜೇಬಿಗೆ ಹಾಕಿಕೊಂಡು ರಸ್ತೆಯ ಅಂಚಿನಲ್ಲಿ ಕುಕ್ಕರಿಸಿದರು. "ಆ ಕಡೆಯಿಂದ ಬಂದ್ರೆ ಹೇಳಿ," ಎಂದರು ನನಗೆ. ಆದರೆ ಇವರ ಉಬ್ಬು ಯಾವ ಕಡೆಗೂ ಹೋಗಲಿಲ್ಲ. ಇದ್ದಲ್ಲೇ ಕೂತುಬಿಟ್ಟಿತು. ಆ ಕೂರುವ ರೀತಿ ನನಗೆ ಗೊತ್ತು. ಕೆಲಸದಿಂದ ಬಂದು ಬೂಟು ಬಿಚ್ಚುವ ಮೊದಲು ಹಾಗೆಯೇ ಕೂರುತ್ತಾರೆ.

ಹೊರಗೆ ಉಳಿದವರು ನಾನು ಮತ್ತು ಗಿಣಿ. ನನ್ನ ಕೈಯಲ್ಲಿ ಇವರ ಮುಖ ಒರೆಸಲು ತಂದ ಒದ್ದೆ ಬಟ್ಟೆ. ಗಿಣಿ ನನ್ನ ಬೆರಳು ಬಿಡಿಸಿಕೊಂಡು ಹೋಗಿ, ಆ ಉಬ್ಬಿನ ಬಳಿ ಮಂಡಿಯೂರಿ, ಬಟ್ಟೆಯ ಅಂಚು ಎತ್ತಿದಳು.

"ಅಪ್ಪಾ, ಅವತ್ತು..." ಎಂದಳು.

ತಡೆಯುವವರು ಯಾರೂ ಇರಲಿಲ್ಲ. ಬಿಸ್ಕತ್ತಿನ ಡಬ್ಬಿ ಅತ್ತೆಯ ಜೊತೆಗೇ ಒಳಗೆ ಹೋಗಿತ್ತು. ನಾನು ಒಂದು ಹೆಜ್ಜೆ ಮುಂದಿಟ್ಟೆ, ಆಮೇಲೆ ನಿಂತೆ. ಎಷ್ಟು ದಿನ ಅಂತ ಒಂದು ಮಗು ನುಂಗಿಕೊಂಡಿರಬೇಕು.

ಒಳಗಿನ ಉಬ್ಬಿನಿಂದ ದಣಿದ ದನಿಯೊಂದು ಬಂತು. "ಕೇಳು ಮಗಳೇ. ಏನು ಬೇಕಾದ್ರೂ ಕೇಳು."

"ಬೇಜಾರು ಮಾಡ್ಕೋಬಾರ್ದು."

"ಮಾಡ್ಕೊಳಲ್ಲ."

ಗಿಣಿ ತಲೆ ಬಗ್ಗಿಸಿ, ಕೆಂಪು ಕತ್ತಲೊಳಗೆ ಇಣುಕಿ, ಒಂದು ವರ್ಷದಿಂದ ಬಾಯಲ್ಲಿಟ್ಟುಕೊಂಡದ್ದನ್ನು ಗಟ್ಟಿಯಾಗಿ ಕೇಳಿದಳು:

"ಒಳಗೆ ಹೇಗಿರುತ್ತೆ ಅಪ್ಪಾ? ನಾನೂ ಬರ್ಲಾ?"